ಗೌಸಬಿಯ ಫೋನಿನಲ್ಲಿದ್ದ ಅಳತೆಗಳು

ಗೌಸಬಿಯ ಫೋನಿನ ಹಿಂದೆ ಮುಂದೆ ಎರಡೂ ಕ್ಯಾಮೆರಾಗಳ ಮೇಲೆ ಅಸ್ತರ ಬಟ್ಟೆಯ ಚೂರು ಅಂಟಿಸಿದೆ. ಅಂಟಿಸಿದವನು ನಾನೇ. ಫೋನು ಮಾರಿದವನೇ ಅದರ ಕಣ್ಣು ಕಟ್ಟಬೇಕಾಗಿ ಬಂದದ್ದು ನನ್ನ ಹನ್ನೆರಡು ವರ್ಷದ ಧಂದೆಯಲ್ಲಿ ಅದೊಂದೇ ಸಲ. “ಒಳಗ ಹೆಣ್ಮಕ್ಕಳು ಸೆರಗ ತೆಗದು ಅಳತಿ ಕೊಡ್ತಿರ್ತಾರ ತಮ್ಮಾ. ಅದ ಹೊತ್ತಿಗೆ ಯಾರದರೆ ವಿಡಿಯೊ ಕಾಲ್ ಬಂತಂದ್ರ ನನ್ನ ಅಂಗಡಿ ಮುಚ್ಚಿದಂಗ,” ಎಂದಿದ್ದಳು. ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಗಮ್ಮು ಹಚ್ಚಿ ಅಂಟಿಸಿ ಕೊಟ್ಟೆ.

ದೇವರ ಹಿಪ್ಪರಗಿಯ ಬಸ್ ನಿಲ್ದಾಣದಿಂದ ಸಂತೆ ಬಯಲಿಗೆ ಹೋಗುವ ಓಣಿಯಲ್ಲಿ ಎಡಕ್ಕೆ ನನ್ನ ಮೊಬೈಲ್ ರಿಪೇರಿ ಅಂಗಡಿ, ಬಲಕ್ಕೆ ಗೌಸಬಿಯ ಮನೆ. ಮನೆಯ ಪಡಸಾಲೆಯೇ ಅವಳ ಹೊಲಿಗೆ ಅಂಗಡಿ. ಮೋರಟಗಿಯಲ್ಲಿ ಹುಟ್ಟಿ, ಹತ್ತೊಂಬತ್ತಕ್ಕೆ ಮೀರಾಸಾಬನನ್ನು ಮದುವೆಯಾಗಿ ಇಲ್ಲಿಗೆ ಬಂದವಳು, ಈಗ ಐವತ್ತೆರಡು. ಮೀರಾಸಾಬ ಲಾರಿಗಳ ತಾಡಪತ್ರಿ ಹೊಲಿಯುತ್ತಾನೆ. ಅವನ ಅಳತೆ ಗಜದ ಲೆಕ್ಕದ್ದು, ಇವಳದು ಅರ್ಧ ಇಂಚಿನ ಲೆಕ್ಕದ್ದು. ಅದಕ್ಕೇ ಇರಬೇಕು, ಒಬ್ಬರ ಕೆಲಸದಲ್ಲಿ ಇನ್ನೊಬ್ಬರು ಬಾಯಿ ಹಾಕಿದ್ದನ್ನು ನಾನು ನೋಡಿಲ್ಲ.

ಗೌಸಬಿ ಹೊಲಿಯುವುದು ಸೀರೆಯ ಜೊತೆ ತೊಡುವ ಜಂಪರು ಮಾತ್ರ. ಚೂಡಿದಾರು ತಂದರೆ, “ಸಿಂದಗ್ಯಾಗ ಭಾಳ ಮಂದಿ ಅದಾರ, ಅಲ್ಲಿ ಕೊಡ್ರಿ,” ಎಂದು ಬಾಗಿಲಲ್ಲೇ ತಿರುಗಿಸಿ ಕಳಿಸುತ್ತಾಳೆ. ಹೊಲಿದ ಜಂಪರು ಒಂದಾದರೂ ತಿರುಗಿ ಬಂದದ್ದಿಲ್ಲ ಎನ್ನುವುದು ಅವಳ ಸೊಕ್ಕು. ಸೊಕ್ಕು ಎಂದು ನಾನು ಮುಖದ ಮೇಲೇ ಹೇಳಿದ್ದೇನೆ. “ಹೌದು, ಐತಿ. ನಿನಗೇನು ತ್ರಾಸ?” ಎಂದಳು.

ಅಳತೆಗಳನ್ನು ಅವಳು ಎಂದೂ ಬರೆದಿಟ್ಟವಳಲ್ಲ. ಮೂರನೆಯ ಇಯತ್ತೆಗೆ ಸಾಲಿ ಬಿಟ್ಟವಳು, ಅಂಕಿ ಓದುತ್ತಾಳೆ, ಅಕ್ಷರ ಬರೆಯುವುದೆಂದರೆ ಅರ್ಧ ಜಂಪರು ಹೊಲಿಯುವಷ್ಟು ಹೊತ್ತು ಬೇಕು. ವಯಸ್ಸು ನಲವತ್ತಾಗುವವರೆಗೆ ಎಲ್ಲರ ಅಳತೆಯೂ ತಲೆಯಲ್ಲಿತ್ತು. ಆಮೇಲೆ ಹಳೆಯ ಜಂಪರು ತನ್ನಿ ಎನ್ನತೊಡಗಿದಳು. ಫೋನು ಬಂದ ಮೇಲೆ ಅದೂ ನಿಂತುಹೋಯಿತು.

ನಮ್ಮ ಕಡೆ ಕೊಟ್ಟ ಹೆಣ್ಣುಮಗಳಿಗೆ ಹಬ್ಬಕ್ಕೊಂದು ಸೀರೆ, ಜಂಪರು ತವರಿನಿಂದ ಹೋಗಬೇಕು. ದಸರಾ, ದೀಪಾವಳಿ, ಸಂಕ್ರಾಂತಿ, ಯುಗಾದಿ, ಪಂಚಮಿ. ಸೀರೆಯನ್ನು ಯಾವ ಅಂಗಡಿಯಲ್ಲಾದರೂ ಆರಿಸಬಹುದು. ಜಂಪರಿಗೆ ಅಳತೆ ಬೇಕು, ಅಳತೆ ಕೊಡಬೇಕಾದವಳು ಇಂಡಿಯಲ್ಲೋ ಬಸವನ ಬಾಗೇವಾಡಿಯಲ್ಲೋ ಮುದ್ದೇಬಿಹಾಳದಲ್ಲೋ ಇರುತ್ತಾಳೆ. ಹಾಗಾಗಿ ಹೆಣ್ಣುಮಕ್ಕಳು ತಾವೇ ಟೇಪು ಹಿಡಿದು, ಗೌಸಬಿಯ ಫೋನಿಗೆ ಮಾತಿನಲ್ಲೇ ಅಳತೆ ಕಳಿಸತೊಡಗಿದರು. ವಾಟ್ಸಪ್ಪಿನಲ್ಲಿ ಬೆರಳು ಒತ್ತಿ ಹಿಡಿಯಬೇಕು, ಮಾತಾಡಬೇಕು, ಬಿಡಬೇಕು. ಅಷ್ಟೇ. “ಎದಿ ಮೂವತ್ನಾಕ, ತೋಳಿನ ಸುತ್ತ ಹತ್ತೂವರಿ, ಕೊಳ್ಳ ಭಾಳ ಇಳಸಬ್ಯಾಡ್ರಿ, ನಮ್ಮತ್ತಿ ಬೈತಾರ.” ಹೀಗೆ.

ಅಳತೆಯ ಹಿಂದೆಯೇ ಮಾತೂ ಬರತೊಡಗಿತು. “ಅವ್ವ ಬಂದ್ರ ಕೇಳಸ್ರಿ. ನಾ ಆರಾಮ ಅದೀನಿ. ಹಾಗಲಕಾಯಿ ಬೀಜ ಇದ್ರ ಕಳಸಂತ ಹೇಳ್ರಿ.” ಹಳ್ಳಿಯ ತಾಯಂದಿರ ಹತ್ತಿರ ಇಂಥ ಫೋನಿಲ್ಲ. ಮನೆಗೊಂದು ಬಟನ್ ಫೋನು, ಅದು ಗಂಡನ ಜೇಬಿನಲ್ಲಿ. ಕರೆ ಮಾಡಿದರೆ ಆ ಕಡೆಯೂ ಈ ಕಡೆಯೂ ಮನೆ ಮಂದಿಯೆಲ್ಲ ಸುತ್ತ ಕೂತಿರುತ್ತಾರೆ. ಹೀಗಾಗಿ ಸಂತೆಯ ದಿನ ಹತ್ತೂವರೆಯ ಬಸ್ಸಿಳಿದ ಹೆಂಗಸರು ಚೀಲ ಕಟ್ಟೆಯ ಮೇಲಿಟ್ಟು, ಮೊದಲು ಗೌಸಬಿಯ ಪಡಸಾಲೆಗೆ ಬಂದು ಕೂಡುತ್ತಿದ್ದರು. “ನನ್ನ ಮಗಳದು ಹಚ್ಚು,” ಎಂದು ಒಬ್ಬಳು, “ನಂದೂ ಐತೇನು ನೋಡು,” ಎಂದು ಇನ್ನೊಬ್ಬಳು. ಒಬ್ಬಳ ಮಗಳ ಮಾತನ್ನು ಹತ್ತು ಜನ ಕೇಳುತ್ತಿದ್ದರು. ನಾನೊಮ್ಮೆ ಕಿವಿಗೆ ಹಾಕಿಕೊಳ್ಳುವ ವೈರು ಪುಕ್ಕಟೆ ಕೊಟ್ಟೆ. ಯಾರೂ ಮುಟ್ಟಲಿಲ್ಲ. ವೈರು ಹಾಕಿಕೊಂಡು ಕೇಳಿದರೆ, ಈಕೆಯ ಮಗಳ ಮನೆಯಲ್ಲಿ ಏನೋ ನಡೆದಿದೆ ಎಂದು ಉಳಿದ ಒಂಬತ್ತು ಜನ ಮಾತಾಡಿಕೊಳ್ಳುತ್ತಾರಂತೆ. ಆದ್ದರಿಂದ ಎಲ್ಲರ ಮಗಳೂ ಎಲ್ಲರ ಎದುರಿಗೂ ಆರಾಮವಾಗಿಯೇ ಇರುತ್ತಿದ್ದರು.

ನನಗೆ ಈ ಫೋನು ತಲೆನೋವಾದದ್ದು ಬೇರೆ ಕಾರಣಕ್ಕೆ. ಗೌಸಬಿ ಯಾವುದನ್ನೂ ಅಳಿಸುತ್ತಿರಲಿಲ್ಲ. ನಕ್ಷತ್ರದ ಗುರುತು ಹಾಕುವುದನ್ನು ಕಲಿಸಿಕೊಟ್ಟೆ: ಬೇಕಾದ ಅಳತೆಗೆ ಮಾತ್ರ ನಕ್ಷತ್ರ ಹಾಕಿರಿ, ಉಳಿದದ್ದು ಕೇಳಿ ಅಳಿಸಿರಿ ಎಂದೆ. ಎರಡು ವಾರ ಬಿಟ್ಟು ನೋಡಿದರೆ ಎಲ್ಲದಕ್ಕೂ ನಕ್ಷತ್ರ ಬಿದ್ದಿತ್ತು. ಹಾಗಲಕಾಯಿ ಬೀಜಕ್ಕೂ. ಹೆಸರು ತಿಳಿಯದೆ ಗೊಂದಲವಾಗುತ್ತದೆಂದು ಒಂದೊಂದು ನಂಬರಿಗೂ ನಾನೇ ಕೂತು ಹೆಸರು ಹಾಕಿದ್ದೆ: ‘ಹೊನ್ನವ್ವನ ಭಾಗ್ಯಾ ಮುದ್ದೇಬಿಹಾಳ’, ‘ಸಾಲೋಟಗಿ ದೊಡ್ಡ ಸೊಸಿ’, ಹೀಗೆ ನೂರಾ ನಲವತ್ತು. “ಅಕ್ಕಾ, ಇದು ಫೋನ್ ಐತ್ರಿ, ಹಗೇವು ಅಲ್ಲ, ಕಾಳ ತುಂಬಿಕೋಂತ ಹೋಗಾಕ,” ಎಂದು ಎಷ್ಟು ಸಲ ಬೈದಿದ್ದೇನೋ ಲೆಕ್ಕವಿಲ್ಲ. “ಇರ್ಲಿ ಬಿಡು ತಮ್ಮಾ. ಹೆಣ್ಮಕ್ಕಳ ಮಾತ, ಹ್ಯಾಂಗ ಅಳಸಲಿ?” ಎನ್ನುತ್ತಿದ್ದಳು. ನನಗೆ ಸಿಟ್ಟು ಬರುತ್ತಿತ್ತು. ಈಗ ಹೇಳಲು ಹೊರಟಿರುವುದು ಹೊನ್ನವ್ವನ ಭಾಗ್ಯಾಳ ವಿಷಯ.

ಭಾಗ್ಯಜ್ಯೋತಿ ಪೂರ್ತಿ ಹೆಸರು. ಹೊನ್ನವ್ವ, ಖಂಡೆಪ್ಪರ ಹಿರಿಯ ಮಗಳು. ಎರಡು ವರ್ಷದ ಹಿಂದೆ ಮೇ ತಿಂಗಳಲ್ಲಿ ಮುದ್ದೇಬಿಹಾಳದ ಭೀಮಶ್ಯಾನಿಗೆ ಕೊಟ್ಟರು. ಭೀಮಶ್ಯಾ ಟಂಟಂ ಆಟೊ ಓಡಿಸುತ್ತಾನೆ, ಕುಡಿಯುವುದಿಲ್ಲ, ಮನೆಯಲ್ಲಿ ತಾಯಿ, ಎರಡೆಕರೆ ಹೊಲ. ಮೊದಲ ಪಂಚಮಿಗೆ ತವರಿಗೆ ಬಂದಾಗ ಗೌಸಬಿಯೇ ಅವಳ ಅಳತೆ ತೆಗೆದದ್ದು: ಎದೆ ಮೂವತ್ತಾರು, ತೋಳಿನ ಸುತ್ತು ಹನ್ನೊಂದು. ಆ ದಿನ ಅವಳು ನನ್ನ ಅಂಗಡಿಗೂ ಬಂದು ಫೋನಿಗೆ ಹೊಸ ಗಾಜು ಹಾಕಿಸಿಕೊಂಡು ಹೋಗಿದ್ದಳು. ದುಂಡು ಮುಖದ, ನಕ್ಕರೆ ಹೊರಗೆ ಓಣಿಗೆ ಕೇಳುವಂತೆ ನಗುವ ಹುಡುಗಿ. ಆಮೇಲೆ ಅಳತೆಗಳು ಫೋನಿನಲ್ಲೇ ಬಂದವು.

ಒಂದು ಮಾತು ಇಲ್ಲಿ ಹೇಳಬೇಕು. ಹೆಂಗಸರು ಕಳಿಸಿದ ಅಳತೆಯನ್ನು ಗೌಸಬಿ ಹಾಗೆಯೇ ನಂಬಿ ಕತ್ತರಿ ಇಡುವವಳಲ್ಲ. ಟೇಪು ಹಿಡಿಯಲು ಎಲ್ಲರಿಗೂ ಬರುವುದಿಲ್ಲ. ಒಬ್ಬಳು ಸೀರೆಯ ಮೇಲೇ ಹಿಡಿಯುತ್ತಾಳೆ, ಒಬ್ಬಳು ತೆಳ್ಳಗಿದ್ದಾಳೆ ಅನ್ನಿಸಿಕೊಳ್ಳಲು ಬಿಗಿ ಎಳೆಯುತ್ತಾಳೆ, ಒಬ್ಬಳು ಟೇಪಿನ ತುದಿಯ ತಗಡು ಬಿಟ್ಟು ಒಂದರಿಂದ ಎಣಿಸುತ್ತಾಳೆ. ಗೌಸಬಿ ಅಂಕಿ ಕೇಳಿ, ಆ ಹೆಣ್ಣನ್ನು ನೆನಪಿಸಿಕೊಂಡು, ಮನಸ್ಸಿನಲ್ಲೇ ಒಂದಿಂಚು ಸೇರಿಸಿಯೋ ಕಳೆದೋ ಹೊಲಿಯುತ್ತಾಳೆ. ಜಂಪರು ತಿರುಗಿ ಬಾರದಿರುವುದರ ಗುಟ್ಟು ಅದೇ. “ಆಕಿ ಹೇಳಿದ್ದೊಂದು, ಆಕಿ ಮೈ ಇದ್ದದ್ದೊಂದು,” ಎಂದು ಹೆಮ್ಮೆಯಿಂದ ಹೇಳುತ್ತಿದ್ದಳು.

ಕಳೆದ ವರ್ಷದ ಪಂಚಮಿಗೆ ಭಾಗ್ಯಾ ತವರಿಗೆ ಬರಲಿಲ್ಲ. ಅತ್ತೆಯ ಕಾಲು ಉಳುಕಿದೆ, ಮನೆಯಲ್ಲಿ ಮಾಡುವವರಿಲ್ಲ ಎಂದು ಸುದ್ದಿ ಬಂತು. ಪಂಚಮಿಗೆ ಮಗಳು ಬಾರದಿದ್ದರೆ ತಾಯಿಗೆ ಉಂಡಿ ಕಟ್ಟಲು ಮನಸ್ಸು ಬರುವುದಿಲ್ಲ. ಹೊನ್ನವ್ವ ಗೌಸಬಿಯ ಪಡಸಾಲೆಯಲ್ಲಿ ಮಗಳ ಮಾತನ್ನು ಮೂರು ಸಲ ಹಚ್ಚಿಸಿ ಕೇಳಿ, ಸೆರಗಿನಿಂದ ಕಣ್ಣೊರೆಸಿಕೊಂಡು ಹೋದಳು. ಖಂಡೆಪ್ಪ ಸೀರೆ, ಜಂಪರು, ಉಂಡಿಯ ಡಬ್ಬಿ ಹಿಡಿದು ಮುದ್ದೇಬಿಹಾಳಕ್ಕೆ ಹೋಗಿ ಬಂದ. ಹಬ್ಬ ಹಬ್ಬಕ್ಕೂ ಹೋಗುವವನು ಅವನೇ. ಹೊರಗಿನ ಕೋಣೆಯಲ್ಲಿ ಕೂತು, ಮಗಳು ಕೊಟ್ಟ ಚಹಾ ಕುಡಿದು, ಅದೇ ಬಸ್ಸಿಗೆ ತಿರುಗಿ ಬರುತ್ತಾನೆ. “ಸ್ವಲ್ಪ ಇಳದಾಳ. ಕೆಲಸ ಇರತೈತಿ,” ಎಂದ. ಸೆರಗು ಹೊದ್ದು ತಲೆ ತಗ್ಗಿಸಿ ಬಂದ ಮಗಳಲ್ಲಿ ತಂದೆಯಾದವನಿಗೆ ಅದಕ್ಕಿಂತ ಹೆಚ್ಚು ಏನು ಕಂಡೀತು?

ಸೆಪ್ಟೆಂಬರಿನಲ್ಲಿ ಗೌಸಬಿಯ ಫೋನು ನಿಂತೇಹೋಯಿತು. ಅಂದರೆ ಮೆಸೇಜುಗಳು ಬರುತ್ತಿದ್ದವು, ತೆರೆಯುತ್ತಿರಲಿಲ್ಲ. ಜಾಗ ಇಲ್ಲ ಎಂದು ತೋರಿಸುತ್ತಿತ್ತು. ಸಂತೆಯ ದಿನ ಹೆಂಗಸರು ಬಂದು ಕೂತಿದ್ದಾರೆ, ಒಬ್ಬರ ಮಗಳೂ ಮಾತಾಡಲೊಲ್ಲಳು. ಗೌಸಬಿ ಫೋನನ್ನು ನನ್ನ ಗಲ್ಲೆಯ ಮೇಲೆ ಕುಕ್ಕಿ, “ಏನ್ ಮಾರೀಯೋ ನನಗ?” ಎಂದಳು. ನಾನು ಇದೇ ದಿನಕ್ಕಾಗಿ ಕಾಯುತ್ತಿದ್ದವನು. ಅಳತೆಗಳನ್ನು ಒಂದು ವಹಿಯಲ್ಲಿ ಬರೆದಿಡೋಣ, ಆಮೇಲೆ ಎಲ್ಲಾ ಅಳಿಸೋಣ, ಒಪ್ಪದಿದ್ದರೆ ನನ್ನ ಹತ್ತಿರ ತರಲೇಬೇಡಿ ಎಂದು ಖಡಕ್ಕಾಗಿ ಹೇಳಿದೆ. ಬೇರೆ ದಾರಿ ಇರಲಿಲ್ಲ, ಒಪ್ಪಿದಳು.

ಮರುದಿನ ಮಧ್ಯಾಹ್ನ ಊಟ ಮುಗಿಸಿ ಅವಳ ಪಡಸಾಲೆಯಲ್ಲಿ ಕೂತೆವು. ಅವಳು ಮಷಿನ್ನಿನ ಮುಂದೆ ಗುಂಡಿ ಹಚ್ಚುತ್ತಾ, ನಾನು ನೆಲದ ಮೇಲೆ ವಹಿ ಇಟ್ಟುಕೊಂಡು. ಒಂದೊಂದು ಹೆಸರು ತೆರೆಯುವುದು, ಹಚ್ಚುವುದು, ಅಂಕಿ ಬರೆಯುವುದು, ಅಳಿಸುವುದು. ನಲವತ್ತು ಹೆಸರು ಮುಗಿಯುವಷ್ಟರಲ್ಲಿ ನನಗೆ ಸಾಕುಸಾಕಾಗಿತ್ತು. ಆಗ ಬಂದದ್ದು ‘ಹೊನ್ನವ್ವನ ಭಾಗ್ಯಾ ಮುದ್ದೇಬಿಹಾಳ’.

ಐದು ಮೆಸೇಜು. ಹಬ್ಬಕ್ಕೊಂದರಂತೆ. ದಸರೆಯದು ಹಚ್ಚಿದೆ: ಎದೆ ಮೂವತ್ತಾರು. ದೀಪಾವಳಿಯದು: ಅದೇ. ಸಂಕ್ರಾಂತಿಯದು: ಮೂವತ್ತೈದು. ಯುಗಾದಿಯದು: ಮೂವತ್ತಮೂರು. ಪಂಚಮಿಯದು: ಮೂವತ್ತೊಂದು. ತೋಳಿನ ಸುತ್ತು ಹನ್ನೊಂದರಿಂದ ಎಂಟೂವರೆಗೆ ಬಂದಿತ್ತು. ಪ್ರತಿಯೊಂದರ ಕೊನೆಗೂ ಅದೇ ಮಾತು, “ಅವ್ವಗ ಹೇಳ್ರಿ, ನಾ ಆರಾಮ ಅದೀನಿ.” ನಾನು ಒಂದರ ಕೆಳಗೊಂದು ಬರೆದುಕೊಂಡು ಓದಿ ಹೇಳಿದೆ. ಯಾವುದನ್ನು ಇಟ್ಟುಕೊಳ್ಳಲಿ, ಕೊನೆಯದೊಂದು ಸಾಕೇ ಎಂದು ಕೇಳಿದೆ. ನನ್ನ ಬೆರಳು ಆಗಲೇ ಅಳಿಸುವ ಗುಂಡಿಯ ಮೇಲಿತ್ತು.

ತಲೆ ಎತ್ತಿ ನೋಡಿದರೆ ಗೌಸಬಿ ಸೂಜಿ ಹಿಡಿದ ಕೈಯನ್ನು ಹಾಗೆಯೇ ನಿಲ್ಲಿಸಿದ್ದಳು.

“ಮತ್ತೊಮ್ಮೆ ಓದು.”

ಓದಿದೆ.

“ನೀ ತಪ್ಪ ಬರದಿ ನೋಡು. ಮತ್ತ ಹಚ್ಚು.”

ಮತ್ತೆ ಹಚ್ಚಿದೆ. ತಪ್ಪು ಬರೆದಿರಲಿಲ್ಲ. ಆಗಲೇ ನಾನೊಂದು ವಿಷಯ ಗಮನಿಸಿದ್ದು, ನನ್ನ ಧಂದೆಗೆ ಸಂಬಂಧಪಟ್ಟದ್ದು. ಸಂಕ್ರಾಂತಿಯ ಮೆಸೇಜಿನ ಮೇಲೆ ‘ಈ ಸಂದೇಶವನ್ನು ಅಳಿಸಲಾಗಿದೆ’ ಎಂಬ ಸಾಲು ಒಂದಿತ್ತು. ಯುಗಾದಿಯದರ ಮೇಲೆ ಮೂರು. ಪಂಚಮಿಯದರ ಮೇಲೆ ಏಳು. ಕಳಿಸಿದವಳು ಕಳಿಸಿ, ತಕ್ಷಣ ತಾನೇ ಅಳಿಸಿ, ಮತ್ತೆ ಕಳಿಸಿದ್ದಾಳೆ. ಗೌಸಬಿಗೆ ತೋರಿಸಿದೆ. ಅವಳೂ ಆ ಸಾಲುಗಳನ್ನು ಆಗ ನೋಡಿದ್ದಳಂತೆ, ಅಳತೆ ತಪ್ಪಿ ಹೇಳಿ ತಿದ್ದುತ್ತಿದ್ದಾಳೆ ಎಂದುಕೊಂಡಿದ್ದಳಂತೆ.

“ಅಕ್ಕಾ, ಮೂವತ್ತೊಂದಕ್ಕ ನೀವೇನ್ ಹೊಲದ್ರಿ?” ಎಂದು ಕೇಳಿದೆ.

“ಮೂವತ್ತಾರು,” ಎಂದಳು. “ಯಾವಾಗಲೂ ಮೂವತ್ತಾರ ಹೊಲದೇನಿ. ಹುಡುಗಿ ಟೇಪ್ ಬಿಗಿ ಎಳಿತಾಳಂತ...” ಮಡಿಲಲ್ಲಿದ್ದ ಗುಂಡಿಗಳು ನೆಲಕ್ಕೆ ಚೆಲ್ಲಿದ್ದನ್ನೂ ಅವಳು ನೋಡಲಿಲ್ಲ. ಎರಡೆರಡು ತಿಂಗಳಿಗೊಂದು ಅಂಕಿ ಕೇಳಿದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಒಂದರ ಕೆಳಗೊಂದು ಕೇಳಿದ ಮೇಲೆ, ಮೂವತ್ತು ವರ್ಷ ಹೆಂಗಸರ ಮೈ ಅಳೆದವಳಿಗೆ ಇನ್ನೇನೂ ಹೇಳಬೇಕಾಗಿರಲಿಲ್ಲ. ಹುಡುಗಿ ಒಂದು ವರ್ಷದಲ್ಲಿ ಕರಗಿಹೋಗುತ್ತಿದ್ದಾಳೆ. ಅದನ್ನು ಅವಳು ಹಬ್ಬ ಹಬ್ಬಕ್ಕೂ ಇವಳ ಕಿವಿಗೆ ಹಾಕಿದ್ದಾಳೆ. ಇವಳು ಹಬ್ಬ ಹಬ್ಬಕ್ಕೂ ತಿದ್ದಿ ಹೊಲಿದಿದ್ದಾಳೆ.

ಅಂದೇ ಹೊನ್ನವ್ವನನ್ನು ಕರೆಸಿದಳು. ಹೊನ್ನವ್ವ ಅಲ್ಲೇ ಕುಸಿದು ಕೂತು ಅತ್ತಳು, ಆದರೆ ಹೋಗುವ ಮಾತು ಬಂದಾಗ ಹಿಂದೆಗೆದಳು. ಹೇಳದೆ ಕೇಳದೆ ಬೀಗರ ಮನೆಗೆ ತಾಯಿ ಹೋಗುವುದೆಂದರೆ, ನಿಮ್ಮ ಮೇಲೆ ನಮಗೆ ಸಂಶಯ ಬಂದಿದೆ ಎಂದು ಓಣಿಯ ಎದುರು ಸಾರಿದಂತೆ. ಮೇಲಾಗಿ ಭಾಗ್ಯಾಳ ತಂಗಿ ವಿಜಯಲಕ್ಷ್ಮಿಯ ನಿಶ್ಚಯ ದಸರಾ ಮುಗಿದ ಕೂಡಲೇ ಇತ್ತು. ಈ ಹೊತ್ತಿನಲ್ಲಿ ಬೀಗರ ಮನೆಯಲ್ಲಿ ರಗಳೆ ಎಂದು ಸುದ್ದಿಯಾದರೆ ಆ ಹುಡುಗಿಯ ಗತಿಯೇನು? ಹೊನ್ನವ್ವನ ಹೆದರಿಕೆ ಸುಳ್ಳಿನದಾಗಿರಲಿಲ್ಲ. ನಾನಾಗಿದ್ದರೆ, ಮುಂದಿನ ವಾರ ನೋಡೋಣ ಎನ್ನುತ್ತಿದ್ದೆನೇನೋ.

ಗೌಸಬಿ ದಾರಿ ಹುಡುಕಿದಳು. ಈಗ ನಮ್ಮ ಕಡೆಯೂ ನಿಶ್ಚಯ, ಮದುವೆಗೆ ಆರಿ ವರ್ಕಿನ ಜಂಪರು ಬೇಕು. ಚೌಕಟ್ಟಿಗೆ ಬಟ್ಟೆ ಬಿಗಿದು, ಕೊಳ್ಳು ತೋಳುಗಳ ಅಳತೆಗೆ ಗೆರೆ ಎಳೆದು, ಮೊದಲು ಹರಳು ಜರಿಯ ಕೆಲಸ ಮಾಡಿ ಆಮೇಲೆ ಕತ್ತರಿಸುತ್ತಾರೆ. ಅರ್ಧ ಇಂಚು ಹೆಚ್ಚುಕಡಿಮೆಯಾದರೆ ಮಾಡಿದ್ದೆಲ್ಲ ಹಾಳು. “ಅಕ್ಕನ ಜಂಪರಿಗೂ ಆರಿ ವರ್ಕ್ ಮಾಡಸಾಕತ್ತೇವಿ, ಅಳತಿ ನಾನ ಸ್ವತಃ ತಗೋಬೇಕು ಅಂತ ಹೇಳು ಬೀಗತಿಗೆ. ಟೇಪ್ ಹಿಡಕೊಂಡ್ ಬರೂ ಹೆಂಗಸಿಗೆ ಯಾರ್ ಏನಂತಾರ?” ಎಂದಳು. ಖಂಡೆಪ್ಪ ಫೋನು ಮಾಡಿ ಹೇಳಿದ. ಬರ್ರಿ ಅಂದರು.

ಮುಂದಿನದನ್ನು ಗೌಸಬಿ ನನಗೆ ಹೇಳಿದಂತೆಯೇ ಹೇಳುತ್ತೇನೆ. ಬೆಳಗಿನ ಬಸ್ಸಿಗೆ ಬಸವನ ಬಾಗೇವಾಡಿ, ಅಲ್ಲಿ ಬಸ್ಸು ಬದಲಿಸಿ ಮುದ್ದೇಬಿಹಾಳ. ದಾರಿಯುದ್ದಕ್ಕೂ ಹೊನ್ನವ್ವ ಬುತ್ತಿಯ ಗಂಟನ್ನು ಮಡಿಲಲ್ಲಿ ಅವುಚಿಕೊಂಡೇ ಕೂತಿದ್ದಳಂತೆ. ಮನೆಯಲ್ಲಿ ಕೈಕಾಲಿಗೆ ನೀರು ಕೊಟ್ಟರು, ಚಹಾ ಕೊಟ್ಟರು. ಬೀಗತಿ ಕೆಟ್ಟವಳಲ್ಲ. ಸೊಸೆಗೆ ಒಂದು ತಿಂಗಳಿಂದ ಊಟ ಸೇರುತ್ತಿಲ್ಲ, ತೊಗರಿ ರಾಶಿಯ ಧೂಳು ಕುಡಿದಾಗಿನಿಂದ ಒಂದಿಷ್ಟು ಕೆಮ್ಮು ಇದೆ, ಔಷಧ ಅಂಗಡಿಯ ಬಾಟಲಿ ತಂದು ಕೊಟ್ಟಿದ್ದೇವೆ ಎಂದು ತಾನಾಗಿಯೇ ಹೇಳಿದಳು. ಗೌಸಬಿ ಟೇಪು ತೆಗೆದು, ಭಾಗ್ಯಾಳನ್ನು ಒಳಕೋಣೆಗೆ ಕರೆದುಕೊಂಡು ಹೋಗಿ ಅಗಳಿ ಹಾಕಿದಳು.

ಸೆರಗು ತೆಗೆದ ಕೂಡಲೇ ಕಂಡದ್ದು ತನ್ನದೇ ಪಂಚಮಿಯ ಜಂಪರು. ಎರಡೂ ಬಗಲಿಗೆ ಕಪ್ಪು ದಾರದಲ್ಲಿ ಕೈಹೊಲಿಗೆ ಹಾಕಿ ಒಳಗೆ ಮಡಚಲಾಗಿತ್ತು, ಒಂದು ಸಾಲಲ್ಲ, ಒಂದರ ಒಳಗೊಂದು ಮೂರು ಸಾಲು. ಟೇಪು ಹಿಡಿದಳು. ಮೂವತ್ತೂವರೆ.

“ಎಷ್ಟ ದಿನಾತವ್ವಾ ಕೆಮ್ಮ?”

“ಸಂಕ್ರಾಂತಿಯಿಂದ ಚಿಗವ್ವಾ.” ಇಷ್ಟು ಹೇಳುವಷ್ಟರಲ್ಲಿ ಕೆಮ್ಮು ಬಂತು, ಸೆರಗನ್ನು ಬಾಯಿಗೆ ತುರುಕಿಕೊಂಡಳು. ಬೇಗ ನಿಲ್ಲಲಿಲ್ಲ. ಫೋನಿನಲ್ಲಿ ಅಳಿಸಿದ ಏಳು ಮೆಸೇಜಿನಲ್ಲಿ ಏನಿತ್ತೆಂಬುದು ಗೌಸಬಿಗೆ ಆಗ ತಿಳಿಯಿತು. ಮಾತಿನ ನಡುವೆ ಕೆಮ್ಮು ಬಂದಾಗಲೆಲ್ಲ ಅಳಿಸಿ ಮತ್ತೆ ಹೇಳಿದ್ದಾಳೆ, ಸಂತೆಯ ಮಂದಿಯ ಮುಂದೆ ಅವ್ವ ಕೇಳುತ್ತಾಳೆಂದು.

“ಯಾಕ ಹೇಳಲಿಲ್ಲ?”

“ವಿಜಿದು ನಿಶ್ಚಯ ಆಗಿಬಿಡಲಿ. ಆಮ್ಯಾಲ ತೋರಸ್ಕೋತೇನಿ. ಅಕ್ಕಗ ಇಂಥಾ ಬ್ಯಾನಿ ಐತಿ ಅಂದ್ರ ಯಾರ್ ತಂಗೀನ ಮಾಡ್ಕೋತಾರ?”

ಗೌಸಬಿ ಅಗಳಿ ತೆಗೆದು ಹೊರಗೆ ಬಂದು ಎಲ್ಲರ ಎದುರಿಗೆ ನಿಂತಳು. “ನಾ ಈಕಿಗೆ ಜಂಪರ ಹೊಲಿಯಂಗಿಲ್ರಿ. ಮೊದಲ ದವಾಖಾನಿಗೆ ಕರಕೊಂಡ್ ನಡೀರಿ,” ಎಂದಳು. ಬೀಗತಿಗೆ ಬಹಳ ನೋವಾಯಿತು. ನಮ್ಮ ಮನೆಯಲ್ಲಿ ಉಣ್ಣಲು ಕಡಿಮೆ ಮಾಡಿದ್ದೇವೇನು ಎಂದು ಕೇಳಿದಳು. ಹೊನ್ನವ್ವ ಅವಳ ಕೈ ಹಿಡಿದುಕೊಂಡು, ಹಾಗಲ್ಲ ಅಕ್ಕಾ ಹಾಗಲ್ಲ ಎನ್ನುತ್ತ ತಾನೂ ಅತ್ತಳು. ಅಷ್ಟರಲ್ಲಿ ಊಟಕ್ಕೆ ಬಂದ ಭೀಮಶ್ಯಾ ವಿಷಯ ಕೇಳಿ ಊಟ ಮಾಡಲಿಲ್ಲ. ಟಂಟಂ ತಿರುಗಿಸಿ ಎಲ್ಲರನ್ನೂ ಕೂಡಿಸಿಕೊಂಡು ತಾಲೂಕಿನ ಸರಕಾರಿ ದವಾಖಾನೆಗೆ ನಡೆದ. ಮೂರನೆಯ ದಿನ ಟಿಬಿ ಎಂದು ತಿಳಿಯಿತು. ಇನ್ನೆರಡು ತಿಂಗಳು ಬಿಟ್ಟಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಹೇಳಿದರಂತೆ. ಆರು ತಿಂಗಳ ಗುಳಿಗೆ ಕೊಟ್ಟರು. ಮನೆಯ ಉಳಿದವರನ್ನೂ ತಪಾಸಣೆ ಮಾಡಿದರು, ಯಾರಿಗೂ ಇರಲಿಲ್ಲ.

ವಿಜಯಲಕ್ಷ್ಮಿಯ ನಿಶ್ಚಯ ಮುಂದೆ ಹೋಯಿತು, ಮುರಿಯಲಿಲ್ಲ. ಹುಡುಗನ ಸೋದರಮಾವ ಅದೇ ಗುಳಿಗೆ ನುಂಗಿ ಗುಣವಾಗಿ, ಈಗ ದಿನಾ ಹೊಲಕ್ಕೆ ಹೋಗುವವನಂತೆ. ಇದನ್ನು ಮೊದಲೇ ಯಾರಾದರೂ ಯಾರಿಗಾದರೂ ಹೇಳಿದ್ದರೆ ಭಾಗ್ಯಾ ಎಂಟು ತಿಂಗಳು ಬಾಯಿಗೆ ಸೆರಗು ತುರುಕಿಕೊಳ್ಳಬೇಕಾಗಿರಲಿಲ್ಲ. ನಮ್ಮ ಜನ ಹಾಗಲಕಾಯಿ ಬೀಜದ ಸುದ್ದಿಯನ್ನು ನಾಲ್ಕು ತಾಲೂಕಿಗೆ ಮುಟ್ಟಿಸುತ್ತಾರೆ, ಇಂಥದ್ದನ್ನು ಮಾತ್ರ ನುಂಗಿಕೊಳ್ಳುತ್ತಾರೆ. ನನಗೆ ಈಗಲೂ ಸಿಟ್ಟು ಬರುತ್ತದೆ.

ಫೋನಿನ ಕೆಲಸ ಅರ್ಧಕ್ಕೇ ನಿಂತಿತ್ತು. ಆ ನಲವತ್ತರ ಆಚೆಗೆ ಒಂದನ್ನೂ ನಾನು ಅಳಿಸಲಿಲ್ಲ. ಒಂದು ಮೆಮೊ‍ರಿ ಕಾರ್ಡು ತಂದು, ಊರೂರಿನ ಹೆಸರಿನಲ್ಲಿ ಬೇರೆ ಬೇರೆ ಕಪಾಟು ಮಾಡಿದಂತೆ ಮಾಡಿ, ಎಲ್ಲವನ್ನೂ ಅದಕ್ಕೆ ಸಾಗಿಸಿದೆ. ಅಳಿಸಿರಿ ಎಂದು ಬೈಯುವುದನ್ನು ಬಿಟ್ಟೆ.

ಭಾಗ್ಯಾ ತವರಿಗೆ ಬಂದಳು. ಮೊದಲ ಎರಡು ತಿಂಗಳು ಮನೆಯಿಂದ ಹೊರಗೆ ಬರಲಿಲ್ಲ. ಫೆಬ್ರುವರಿಯಲ್ಲಿ, ನಾನು ಗೌಸಬಿಯ ಪಡಸಾಲೆಯಲ್ಲಿ ಕೂತು ಫೋನಿನ ಚಾರ್ಜಿಂಗ್ ತೂತು ಸ್ವಚ್ಛ ಮಾಡುತ್ತಿದ್ದಾಗ, ಹೊನ್ನವ್ವನ ಜೊತೆ ಬಂದಳು. ತಂಗಿಯ ನಿಶ್ಚಯಕ್ಕೆ ತಾನು ತೊಡುವ ಜಂಪರಿಗೆಂದು ಹಸಿರು ಬಟ್ಟೆ ತಂದಿದ್ದಳು. ಕೆನ್ನೆಗೆ ಮಾಂಸ ಬಂದಿತ್ತು. ಇನ್ನೂ ಮೊದಲಿನ ನಗು ಬಂದಿರಲಿಲ್ಲ.

ಗೌಸಬಿ ಅವಳನ್ನು ಹತ್ತಿರ ಕೂಡಿಸಿಕೊಂಡು, ತಡೆಯಲಾರದೆ ಹೇಳಿಬಿಟ್ಟಳು: “ನನ್ನ ಕಿವಿಗೆ ಬಿದ್ದಿತ್ತವ್ವಾ. ನನಗ ತಿಳೀಲಿಲ್ಲ. ನೀ ಟೇಪ್ ತಪ್ಪ ಹಿಡದಿ ಅನಕೊಂಡ್ನಿ. ತಪ್ಪ ನಂದು.”

ಭಾಗ್ಯಾ ಬಟ್ಟೆಯ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಅವಳು ಮಾತಾಡಿದಾಗ ದನಿಯಲ್ಲಿ ಸಿಟ್ಟಿರಲಿಲ್ಲ, ಅದರಿಂದಲೇ ಕೇಳುವುದು ಕಷ್ಟವಾಯಿತು.

“ಆರಾಮ ಅದೀನಿ ಅನ್ನೂದು ಅವ್ವಗ, ಸಂತಿ ಮಂದಿಗೆ. ಅಳತಿ ನಿಮಗ ಹೇಳ್ತಿದ್ನಿ ಚಿಗವ್ವಾ. ಎರಡೆರಡ ಸಲ ಹಿಡದು ನೋಡಿ ಖರೇನ ಹೇಳ್ತಿದ್ನಿ. ಬಾಯಿಬಿಟ್ಟು ಹೇಳಾಕ ನನಗ ಧೈರ್ಯ ಇರ್ಲಿಲ್ಲ. ಗೌಸಬಿ ಚಿಗವ್ವಗ ತಿಳೀತೈತಿ, ಯಾಕವ್ವಾ ಅಂತ ಒಂದ್ ಮಾತ ಕೇಳ್ತಾರ ಅನಕೊಂಡಿದ್ನಿ. ಅಪ್ಪ ಪಂಚಮಿ ಜಂಪರ ತಂದ್ರು. ಹಾಕ್ಕೊಂಡ್ ನೋಡಿದ್ನಿ. ಮೂವತ್ತಾರ ಇತ್ತು. ಆವತ್ತ ಬಾಗಲಾ ಹಾಕ್ಕೊಂಡ್ ಅತ್ನಿ.”

ಹೊನ್ನವ್ವ ಬಾಗಿಲ ಕಡೆ ಮುಖ ತಿರುಗಿಸಿದಳು. ನನ್ನ ಕೈಯಲ್ಲಿದ್ದ ಫೋನನ್ನು ನಾನು ಕೆಳಗಿಟ್ಟೆ. ಗೌಸಬಿಯ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಕೊರಳಲ್ಲಿ ಜೋತುಬಿದ್ದಿದ್ದ ಟೇಪನ್ನು ತೆಗೆದು ಭಾಗ್ಯಾಳ ಕೈಗೆ ಕೊಟ್ಟಳು.

“ನೀನ ಹಿಡಕೋ. ನೀನ ಹೇಳು.”

ಭಾಗ್ಯಾ ಒಳಗೆ ಹೋದಳು. ನಾವು ಮೂವರೂ ಕಾದೆವು. ಪರದೆಯ ಹಿಂದಿನಿಂದ ದನಿ ಬಂತು: “ಮೂವತ್ತಮೂರೂವರಿ.”

ಗೌಸಬಿ ಎದ್ದು ಹೋಗಿ ನೋಡಲಿಲ್ಲ, ಮತ್ತೊಮ್ಮೆ ಕೇಳಲೂ ಇಲ್ಲ. ಬಟ್ಟೆ ಹಾಸಿ, ಮೂವತ್ತಮೂರೂವರೆಗೇ ಗೆರೆ ಎಳೆದು, ಕತ್ತರಿ ಇಟ್ಟಳು.